ಕತ್ತರಿಸುವ ಜಾಗ ಯಾವುದು?

ಡಿಎನ್‌ಎಯನ್ನು ಕತ್ತರಿಸುವುದು ಕಷ್ಟದ ಕೆಲಸವಲ್ಲ. ಬಿಸಿಲಿನಲ್ಲಿರುವ ನೇರಳಾತೀತ ಕಿರಣ ಅದನ್ನು ದಿನವೂ ಘಾಸಿಗೊಳಿಸುತ್ತದೆ. ನಾವು ಉಸಿರಾಡುವ ಆಮ್ಲಜನಕದಿಂದಲೇ ಮೈಯೊಳಗೆ ಹುಟ್ಟುವ ಕೆಲವು ಉಗ್ರ ಕಣಗಳು ಅದರ ಎಳೆಗಳನ್ನು ಹರಿಯುತ್ತವೆ. ಜೀವಕೋಶ ಅವನ್ನು ದುರಸ್ತಿ ಮಾಡಿಕೊಂಡು ಮುಂದೆ ಸಾಗುತ್ತದೆ. ಬೇಕಾದಲ್ಲಿ ಮಾತ್ರ ಕತ್ತರಿಸಿ, ಬೇಡವಾದಲ್ಲಿ ಮುಟ್ಟದೇ ಇರುವುದು ಕಷ್ಟ. ಲೋಹವನ್ನು ಒಳಗಿಟ್ಟುಕೊಂಡ ಅಣುಗಳಿಂದ, ಬೆಳಕಿನ ಅಥವಾ ವಿಕಿರಣದ ನೆರವಿನಿಂದ, ಈ ಕೆಲಸ ಮಾಡಿಸಬಹುದೇ ಎಂದು ರಸಾಯನ ವಿಜ್ಞಾನಿಗಳು ನಾಲ್ಕು ದಶಕಗಳಿಗೂ ಹೆಚ್ಚು ಕಾಲದಿಂದ ಹುಡುಕುತ್ತಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದು ನಡೆದಿದೆ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೂ ನಡೆದಿದೆ. ಆದರೆ ಕತ್ತರಿಸಬೇಕಾದ ‘ಜಾಗ’ ಯಾವುದು ಎಂಬ ಪ್ರಶ್ನೆಗೆ ನಾವು ಪ್ರಯೋಗಾಲಯದ ಬಾಟಲಿಯ ಕಡೆಯಿಂದ ಉತ್ತರ ಹುಡುಕುತ್ತಾ ಬಂದಿದ್ದೇವೆ. ಉತ್ತರ ಶುರುವಾಗಬೇಕಾದದ್ದು ದಾವಣಗೆರೆಯ ಹಲ್ಲಿನ ಆಸ್ಪತ್ರೆಯ ಕುರ್ಚಿಯಲ್ಲಿ ಬಾಯಿ ತೆರೆದು ಕೂತ ಮನುಷ್ಯನಿಂದ ಎಂಬುದು ನನ್ನ ವಾದ.

ಮೊದಲು ಈ ಅಣುಗಳು ಕೆಲಸ ಮಾಡುವ ಬಗೆಯನ್ನು ನೋಡೋಣ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್‌ಗಳನ್ನು ತಯಾರಿಸುತ್ತಿತ್ತು. ಕಾರ್ಖಾನೆ ಮುಚ್ಚಿದೆ, ಆದರೆ ಲೇತ್ ಎಂದರೇನೆಂದು ಹರಿಹರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜಾಬನ್ನು ಹಿಡಿಯಲು ಚಕ್, ಕೊರೆಯಲು ಟೂಲ್, ತಿರುಗಿಸಲು ಮೋಟಾರ್. ಲೋಹದ ಅಣುವಿನಲ್ಲೂ ಇಂಥ ಮೂರು ಭಾಗಗಳಿವೆ. ಲೋಹವನ್ನು ಸುತ್ತುವರಿದ ಸಾವಯವ ಭಾಗ, ಉದಾಹರಣೆಗೆ ಫೀನಾಂಥ್ರೊಲಿನ್‌ನಂಥ ಚಪ್ಪಟೆ ಉಂಗುರ, ಡಿಎನ್‌ಎ ಏಣಿಯ ಎರಡು ಮೆಟ್ಟಿಲುಗಳ ನಡುವೆ ನುಸುಳಿಯೋ ಅದರ ತೋಡಿನಲ್ಲಿ ಕೂತೋ ಹಿಡಿದುಕೊಳ್ಳುತ್ತದೆ. ಕಬ್ಬಿಣ, ತಾಮ್ರ, ವನೇಡಿಯಂ, ರುಥೇನಿಯಂ, ರೋಡಿಯಂ ಇವೆಲ್ಲ ಟೂಲ್‌ಗಳು. ಬೆಳಕು ಮೋಟಾರು. ಸ್ವಿಚ್ ಹಾಕುವವರೆಗೆ ಟೂಲ್ ಸುಮ್ಮನಿರಬೇಕು. ಈ ವಿಜ್ಞಾನದ ಆಕರ್ಷಣೆಯೆಲ್ಲ ಇರುವುದು ಅದರಲ್ಲೇ.

ಪ್ರಕೃತಿ ಇಂಥದೊಂದನ್ನು ನಮಗಿಂತ ಮೊದಲೇ ಮಾಡಿಟ್ಟಿತ್ತು. 1960ರ ದಶಕದಲ್ಲಿ ಜಪಾನಿನ ಹಮಾವೊ ಉಮೆಜಾವಾ ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ ಬ್ಲಿಯೋಮೈಸಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದು ಕಬ್ಬಿಣವನ್ನು ಹಿಡಿದು, ಆಮ್ಲಜನಕವನ್ನು ಎಳೆದುಕೊಂಡು, ಡಿಎನ್‌ಎಯನ್ನು ಎಲ್ಲೆಂದರಲ್ಲಿ ಅಲ್ಲ, ‘ಜಿಸಿ’, ‘ಜಿಟಿ’ ಎಂಬ ಅಕ್ಷರ ಜೋಡಿಗಳಿರುವಲ್ಲೇ ಹೆಚ್ಚಾಗಿ ಕತ್ತರಿಸುತ್ತದೆ. ವೃಷಣದ ಕ್ಯಾನ್ಸರಿಗೂ ಹಾಜ್‌ಕಿನ್ ಲಿಂಫೋಮಾಕ್ಕೂ ಅದನ್ನು ಇಂದಿಗೂ ಕೊಡುತ್ತಾರೆ. ಶ್ವಾಸಕೋಶವನ್ನು ಗಟ್ಟಿಗೊಳಿಸಿಬಿಡುವ ಅಪಾಯವೂ ಅದರ ಜೊತೆಗೇ ಬರುತ್ತದೆ. ಡಿಎನ್‌ಎಯ ಅಕ್ಷರಗಳನ್ನು ಆರಿಸಬಲ್ಲ ಅಣುವಿಗೆ ಕ್ಯಾನ್ಸರ್ ಗಡ್ಡೆ ಯಾವುದು, ಶ್ವಾಸಕೋಶ ಯಾವುದು ಎಂದು ತಿಳಿಯಲಿಲ್ಲ. ಮುಂದಿನ ನನ್ನ ಮಾತಿಗೆಲ್ಲ ಈ ಒಂದು ಔಷಧಿಯೇ ಸಾಕ್ಷಿ.

ಆದರೆ ರಸಾಯನ ವಿಜ್ಞಾನಿಗಳನ್ನು ಸೆಳೆದದ್ದು ಅಕ್ಷರಗಳೇ. 1979ರಲ್ಲಿ ಡೇವಿಡ್ ಸಿಗ್ಮನ್ ತಾಮ್ರ ಮತ್ತು ಫೀನಾಂಥ್ರೊಲಿನ್ ಸೇರಿ ಡಿಎನ್‌ಎಯನ್ನು ತುಂಡರಿಸುವುದನ್ನು ತೋರಿಸಿದರು. ಕ್ಯಾಲ್ಟೆಕ್‌ನ ಪೀಟರ್ ಡರ್ವನ್ ನಿರ್ದಿಷ್ಟ ಅಕ್ಷರ ಸಾಲನ್ನು ಗುರುತಿಸಿ ಅಂಟಿಕೊಳ್ಳುವ ಎಳೆಯ ತುದಿಗೆ ಕಬ್ಬಿಣದ ಅಣುವೊಂದನ್ನು ಕಟ್ಟಿದರು. 1990ರಲ್ಲಿ ಅವರ ತಂಡ ಯೀಸ್ಟ್‌ನ ಇಡೀ ವರ್ಣತಂತುವೊಂದನ್ನು ಒಂದೇ ಒಂದು ಜಾಗದಲ್ಲಿ ಕತ್ತರಿಸಿ ತೋರಿಸಿತು. ಜ್ಯಾಕ್ಲಿನ್ ಬಾರ್ಟನ್ ಅವರ ರೋಡಿಯಂ ಅಣುಗಳು ಡಿಎನ್‌ಎಯಲ್ಲಿ ತಪ್ಪಾಗಿ ಜೋಡಿಯಾದ ಅಕ್ಷರಗಳನ್ನು ಹುಡುಕಿ ಹಿಡಿದು, ಬೆಳಕು ಬಿದ್ದಾಗ ಅಲ್ಲೇ ಕತ್ತರಿಸುತ್ತವೆ. ತಪ್ಪು ತಿದ್ದುವ ಶಕ್ತಿ ಕಳೆದುಕೊಂಡ ಕೆಲವು ಕ್ಯಾನ್ಸರ್ ಕೋಶಗಳಲ್ಲಿ ಇಂಥ ತಪ್ಪು ಜೋಡಿಗಳು ಹೆಚ್ಚು. ಇವರೆಲ್ಲರ ಪೈಕಿ ರೋಗದ ಗುರುತನ್ನೇ ಜಾಗವಾಗಿ ಆರಿಸಿಕೊಂಡವರು ಬಾರ್ಟನ್. ನನಗೆ ಅವರ ಕೆಲಸದ ಮೇಲೆ ಹೆಚ್ಚಿನ ಗೌರವ ಇರುವುದು ಅದಕ್ಕೇ.

ಅಕ್ಷರ ಆರಿಸುವ ಪಂದ್ಯವನ್ನು ಮಾತ್ರ ಲೋಹದ ಅಣುಗಳು ಗೆಲ್ಲಲಿಲ್ಲ. ಗೆದ್ದದ್ದು ಪ್ರೋಟೀನುಗಳು. ಡಿಎನ್‌ಎಯನ್ನು ಗೊತ್ತಾದ ಸಾಲಿನಲ್ಲಿ ಕತ್ತರಿಸುವ ಕಿಣ್ವಗಳಿಗೆ 1978ರಲ್ಲೇ ನೊಬೆಲ್ ಬಂತು. 2012ರಲ್ಲಿ ಬಂದ ಕ್ರಿಸ್ಪರ್ ತಂತ್ರ ಆ ಕೆಲಸವನ್ನು ಯಾವ ಪ್ರಯೋಗಾಲಯವೂ ಮಾಡಬಹುದಾದಷ್ಟು ಸುಲಭಗೊಳಿಸಿ 2020ರಲ್ಲಿ ಜೆನಿಫರ್ ಡೌಡ್ನಾ ಮತ್ತು ಎಮ್ಯಾನ್ಯುಯೆಲ್ ಶಾರ್ಪಾಂಟಿಯೆ ಅವರಿಗೆ ನೊಬೆಲ್ ತಂದಿತು. ಹಾಗಾದರೆ ಲೋಹ ಮತ್ತು ಬೆಳಕಿನ ಈ ಕೆಲಸ ಮುಗಿದ ಕತೆಯೇ? ಅಲ್ಲ ಎನ್ನುತ್ತೇನೆ. ಕ್ರಿಸ್ಪರ್‌ಗೆ ಅಕ್ಷರ ಗೊತ್ತು, ಅಂಗ ಗೊತ್ತಿಲ್ಲ. ಅದನ್ನು ಕೆನ್ನೆಯ ಒಳಗಿನ ಒಂದು ರೂಪಾಯಿ ಅಗಲದ ಕಲೆಗೆ ಮಾತ್ರ ತಲುಪಿಸುವುದು ಹೇಗೆಂಬುದು ಇನ್ನೂ ದೊಡ್ಡ ತೊಡಕು. ಬೆಳಕು ಆ ತೊಡಕನ್ನು ಸಲೀಸಾಗಿ ಬಿಡಿಸುತ್ತದೆ, ಏಕೆಂದರೆ ಬೆಳಕನ್ನು ಎಲ್ಲಿಗೆ ಹಿಡಿಯಬೇಕೆಂದು ವೈದ್ಯರ ಕೈ ನಿರ್ಧರಿಸುತ್ತದೆ.

ಈಗ ನಮ್ಮ ಪ್ರಯೋಗಾಲಯಗಳಿಗೆ ಬರೋಣ. ಭಾರತೀಯ ವಿಜ್ಞಾನ ಸಂಸ್ಥೆಯ ಅಖಿಲ್ ಆರ್. ಚಕ್ರವರ್ತಿ ಮತ್ತು ಅವರ ವಿದ್ಯಾರ್ಥಿಗಳು ತಾಮ್ರ, ಕಬ್ಬಿಣ, ವನೇಡಿಯಂಗಳ ಅಣುಗಳನ್ನು ಕಟ್ಟಿ, ಬೆಳಕಿನಲ್ಲಿ ಅವು ಡಿಎನ್‌ಎ ಕತ್ತರಿಸುವುದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಚ್. ಎಸ್. ಭೋಜ್ಯಾ ನಾಯ್ಕ್ ಅವರ ಗುಂಪು ಕೋಬಾಲ್ಟ್, ನಿಕಲ್ ಮುಂತಾದ ಲೋಹಗಳ ಅಣುಗಳಿಂದ ಇದೇ ಬಗೆಯ ಪ್ರಯೋಗ ನಡೆಸಿತು. ದಾವಣಗೆರೆ ವಿಶ್ವವಿದ್ಯಾಲಯ 2009ರಲ್ಲಿ ಹುಟ್ಟುವ ಮುನ್ನ ತೋಳಹುಣಸೆಯ ಶಿವಗಂಗೋತ್ರಿ ಕುವೆಂಪು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವೇ ಆಗಿತ್ತು. ಹಾಗಾಗಿ ಇದು ನಮ್ಮ ಸೀಮೆಗೆ ಹೊರಗಿನ ವಿದ್ಯೆಯಲ್ಲ.

ಪ್ರಯೋಗ ಹೀಗೆ ನಡೆಯುತ್ತದೆ. ‘ಪಿಯುಸಿ19’ ಎಂಬ, 2,686 ಅಕ್ಷರ ಜೋಡಿಗಳ ಒಂದು ಉಂಗುರ ಡಿಎನ್‌ಎ ಇದೆ. ಅದು ತನ್ನ ಮೇಲೆ ತಾನೇ ಬಿಗಿಯಾಗಿ ಹುರಿಗೊಂಡಿರುತ್ತದೆ. ಸೂಜಿಯ ಮೊನೆಯಷ್ಟು ಅದನ್ನು ಪುಟ್ಟ ಕೊಳವೆಗೆ ಹಾಕಿ, ಲೋಹದ ಅಣುವನ್ನು ಬೆರೆಸಿ, ಒಂದನ್ನು ಕತ್ತಲಲ್ಲಿಟ್ಟು ಇನ್ನೊಂದಕ್ಕೆ ಬೆಳಕು ಬಿಡುತ್ತಾರೆ. ಆಮೇಲೆ ಅಗರೋಸ್ ಜೆಲ್‌ನ ಹಲಗೆಯಲ್ಲಿ ಸಾಲಾಗಿ ತುಂಬಿ ಕರೆಂಟು ಹರಿಸಿದರೆ ಹುರಿಗೊಂಡ ಉಂಗುರ ಬೇಗ ಓಡುತ್ತದೆ. ಒಂದು ಎಳೆ ತುಂಡಾದರೂ ಸಾಕು, ಹುರಿ ಬಿಚ್ಚಿಕೊಂಡು ಉಂಗುರ ಸಡಿಲವಾಗಿ ಹಿಂದೆ ಉಳಿಯುತ್ತದೆ. ಬಣ್ಣ ಹಾಕಿ ನೋಡಿದಾಗ ಕತ್ತಲಲ್ಲಿಟ್ಟ ಸಾಲಿನಲ್ಲಿ ಕೆಳಗಿನ ಗೆರೆ ಹೊಳೆಯುತ್ತಿದ್ದು, ಬೆಳಕು ಕಂಡ ಸಾಲಿನಲ್ಲಿ ಅದು ಮಾಯವಾಗಿ ಮೇಲಿನ ಗೆರೆ ಮೂಡಿದ್ದರೆ ಅಣು ಕತ್ತರಿಸಿತು ಎಂದರ್ಥ. ಎಂ.ಎಸ್‌ಸಿ. ಮಾಡಿದ ಹುಡುಗಿಯೊಬ್ಬಳು ಮೊದಲ ಸಲ ಆ ಗೆರೆ ಜಾಗ ಬದಲಿಸಿದ್ದನ್ನು ಕಂಡಾಗ ಅವಳಿಗಾಗುವ ಸಂತೋಷ ನಿಜವಾದದ್ದು. ನಾನು ಅದನ್ನು ಕಿರಿದು ಮಾಡುವುದಿಲ್ಲ.

ಆದರೆ ಆ ಗೆರೆಯಿಂದ ನೇರವಾಗಿ ‘ಕ್ಯಾನ್ಸರ್ ಚಿಕಿತ್ಸೆಗೆ ಉಪಯುಕ್ತ’ ಎಂಬ ಮಾತಿಗೆ ಜಿಗಿಯುವ ಅಭ್ಯಾಸವನ್ನು ಒಪ್ಪಲಾರೆ. ಈ ಕ್ಷೇತ್ರದ ಎಷ್ಟೋ ಪ್ರಬಂಧಗಳು ಸುಮಾರು 360 ನ್ಯಾನೋಮೀಟರಿನ ನೇರಳಾತೀತ ಬೆಳಕಿನಲ್ಲಿ ಪ್ರಯೋಗ ಮುಗಿಸಿ ಕೊನೆಯ ಸಾಲಿನಲ್ಲಿ ಆ ಮಾತನ್ನು ಬರೆಯುತ್ತವೆ. ನೇರಳಾತೀತ ಕಿರಣ ಚರ್ಮದೊಳಗೆ ಒಂದು ಮಿಲಿಮೀಟರ್ ಕೂಡ ಇಳಿಯದು. ಹೋದಲ್ಲೆಲ್ಲ ಆರೋಗ್ಯವಂತ ಕೋಶದ ಡಿಎನ್‌ಎಯನ್ನೂ ಕೆಡಿಸುತ್ತದೆ. ಅಲ್ಲಿ ಅಣು ಕತ್ತರಿಸಿತೇ ಎಂಬ ಪ್ರಶ್ನೆಗಿಂತ ಯಾವ ಬಣ್ಣದ ಬೆಳಕಿನಲ್ಲಿ ಕತ್ತರಿಸಿತು ಎಂಬ ಪ್ರಶ್ನೆ ದೊಡ್ಡದು. ರಕ್ತದ ಹಿಮೋಗ್ಲೋಬಿನ್ ನೀಲಿ, ಹಸಿರು ಬೆಳಕನ್ನು ಹೀರಿಬಿಡುತ್ತದೆ. ಕೆಂಪು ಮತ್ತು ಅದರಾಚೆಯ ಬೆಳಕು ಮಾತ್ರ ಮಾಂಸದೊಳಗೆ ಕೆಲವು ಮಿಲಿಮೀಟರ್ ಹೋಗುತ್ತದೆ. ಚಕ್ರವರ್ತಿಯವರ ತಂಡ ಇದನ್ನು ಮೊದಲಿನಿಂದಲೇ ಗಂಭೀರವಾಗಿ ತೆಗೆದುಕೊಂಡಿತು. 694 ನ್ಯಾನೋಮೀಟರಿನ ಕೆಂಪು ಬೆಳಕಿನಲ್ಲಿ ಕೆಲಸ ಮಾಡುವ ತಾಮ್ರದ ಅಣುಗಳನ್ನು, ಇನ್ನೂ ಆಚೆ 750ರ ಹತ್ತಿರದ ಬೆಳಕಿಗೆ ಎಚ್ಚರಗೊಳ್ಳುವ ವನೇಡಿಯಂ ಅಣುವನ್ನು ಅದು ಕಟ್ಟಿತು. ಬೆಳಕಿನ ಬಣ್ಣವನ್ನು ರೋಗಿಯ ಮೈ ಆರಿಸಬೇಕು ಎಂಬ ಅರಿವು ಆ ಕೆಲಸದಲ್ಲಿದೆ.

ಇನ್ನೊಂದು ಕಂದಕವೂ ಇದೆ. ಕೊಳವೆಯಲ್ಲಿ ಡಿಎನ್‌ಎ ಬೆತ್ತಲೆಯಾಗಿ ತೇಲುತ್ತಿರುತ್ತದೆ. ಕೋಶದಲ್ಲಿ ಅದು ಪ್ರೋಟೀನುಗಳಿಗೆ ಸುತ್ತಿಕೊಂಡು ಕೋಶಕೇಂದ್ರದ ಒಳಗಿರುತ್ತದೆ. ಬೆಳಕು ಬಿದ್ದಾಗ ಅಣು ಹುಟ್ಟಿಸುವ ಸಿಂಗ್ಲೆಟ್ ಆಕ್ಸಿಜನ್ ಎಂಬ ಉಗ್ರ ಆಮ್ಲಜನಕ ಕೋಶದೊಳಗೆ ಕೆಲವೇ ಮೈಕ್ರೋಸೆಕೆಂಡ್ ಬದುಕುತ್ತದೆ, ಒಂದು ಕೋಶದ ಅಗಲದ ತೀರಾ ಸಣ್ಣ ಪಾಲಿನಷ್ಟು ದೂರ ಹೋಗುತ್ತದೆ. ಅಂದರೆ ಅಣು ಎಲ್ಲಿ ಕೂತಿದೆಯೋ ಅಲ್ಲೇ ಏಟು. ಅದು ಕೋಶಕೇಂದ್ರದ ಒಳಗೆ ಹೋಗದೆ ಮೈಟೋಕಾಂಡ್ರಿಯಾದ ಬಳಿ ಕೂತರೆ ಸಾಯುವುದು ಮೈಟೋಕಾಂಡ್ರಿಯಾ, ಅದರೊಡನೆ ಕೋಶ. ಕೇಂದ್ರದ ಡಿಎನ್‌ಎ ಹಾಗೇ ಉಳಿಯಬಹುದು. ಬೆಂಗಳೂರಿನ ತಂಡದ ನಂತರದ ಅಣುಗಳಲ್ಲಿ ಹಲವು ಮೈಟೋಕಾಂಡ್ರಿಯಾವನ್ನೇ ಗುರಿ ಮಾಡಿದವು. 2017ರಲ್ಲಿ ಯುರೋಪಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿಗೆ ಒಪ್ಪಿಗೆ ಪಡೆದ ಪಡೆಲಿಪೋರ್ಫಿನ್ ಪಲ್ಲಾಡಿಯಂ ಲೋಹದ ಬೆಳಕಿನ ಔಷಧಿ; ಅದು ಡಿಎನ್‌ಎಯ ತಂಟೆಗೆ ಹೋಗದೆ ಗಡ್ಡೆಯ ರಕ್ತನಾಳಗಳನ್ನು ಮುಚ್ಚುತ್ತದೆ. ಜೆಲ್‌ನ ಗೆರೆ ತೋರಿಸಿದ ಗುರಿ ಒಂದು, ರೋಗಿಯನ್ನು ತಲುಪಿದ ಗುರಿ ಮತ್ತೊಂದು.

ಡಿಎನ್‌ಎಯನ್ನೇ ಗುರಿಯಾಗಿಟ್ಟ ಲೋಹ ಮತ್ತು ವಿಕಿರಣದ ಜೋಡಿ ಈಗಾಗಲೇ ನಮ್ಮ ಆಸ್ಪತ್ರೆಗಳಲ್ಲಿ ದಿನವೂ ಕೆಲಸ ಮಾಡುತ್ತಿದೆ, ಅದನ್ನು ನಾವು ಆ ಹೆಸರಿನಿಂದ ಕರೆಯುವುದಿಲ್ಲ ಅಷ್ಟೆ. ಬಾಯಿಯ, ಗಂಟಲಿನ, ಗರ್ಭಕಂಠದ ಕ್ಯಾನ್ಸರ್ ಬಂದವರಿಗೆ ‘ಕರೆಂಟು’, ಅಂದರೆ ವಿಕಿರಣ, ಕೊಡುವಾಗ ಸಿಸ್‌ಪ್ಲಾಟಿನ್ ಬಾಟಲಿಯನ್ನೂ ಏರಿಸುತ್ತಾರೆ. 1965ರಲ್ಲಿ ಅಮೆರಿಕದ ಬಾರ್ನೆಟ್ ರೋಸೆನ್‌ಬರ್ಗ್ ಬ್ಯಾಕ್ಟೀರಿಯಾಗಳ ಮೇಲೆ ವಿದ್ಯುತ್ತಿನ ಪರಿಣಾಮ ನೋಡುತ್ತಿದ್ದಾಗ ಪ್ಲಾಟಿನಂ ಕಡ್ಡಿಯಿಂದ ಕರಗಿದ ವಸ್ತು ಅವುಗಳ ವಿಭಜನೆಯನ್ನು ನಿಲ್ಲಿಸಿದ್ದನ್ನು ಕಂಡರು. ಅಲ್ಲಿಂದ ಹುಟ್ಟಿದ ಔಷಧಿ 1978ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಪ್ಲಾಟಿನಂ ಡಿಎನ್‌ಎಯನ್ನು ಕತ್ತರಿಸುವುದಿಲ್ಲ. ಪಕ್ಕಪಕ್ಕದ ಎರಡು ‘ಜಿ’ ಅಕ್ಷರಗಳಿಗೆ ಕೊಂಡಿ ಹಾಕಿ ಅದನ್ನು ಬಾಗಿಸುತ್ತದೆ. ಕತ್ತರಿಸುವುದು ವಿಕಿರಣ: ಒಂದು ಗ್ರೇ ಪ್ರಮಾಣಕ್ಕೆ ಒಂದೊಂದು ಕೋಶದಲ್ಲೂ ಸುಮಾರು ಸಾವಿರ ಒಂಟಿ ಎಳೆಗಳು, ಮೂವತ್ತರ ಆಸುಪಾಸಿನಲ್ಲಿ ಜೋಡಿ ಎಳೆಗಳು ತುಂಡಾಗುತ್ತವೆ. ಪ್ಲಾಟಿನಂ ಕೂತಿರುವ ಕೋಶ ಆ ತುಂಡುಗಳನ್ನು ಕೂಡಿಸಿಕೊಳ್ಳಲು ಒದ್ದಾಡಿ ಸೋಲುತ್ತದೆ. 1999ರ ಫೆಬ್ರವರಿಯಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಐದು ಪ್ರಯೋಗಗಳ ಫಲ ನೋಡಿ, ವಿಕಿರಣ ಬೇಕಾದ ಗರ್ಭಕಂಠದ ಕ್ಯಾನ್ಸರಿನಲ್ಲಿ ಸಿಸ್‌ಪ್ಲಾಟಿನ್ ಆಧಾರದ ಔಷಧವನ್ನೂ ಜೊತೆಗೆ ಕೊಡುವುದನ್ನು ಗಟ್ಟಿಯಾಗಿ ಪರಿಗಣಿಸಿ ಎಂದು ವೈದ್ಯರಿಗೆಲ್ಲ ತಿಳಿಸಿತು.

ಇಲ್ಲಿ ಜಾಗ ಆರಿಸಿದವರು ಯಾರು? ಅಕ್ಷರದ ಮಟ್ಟದಲ್ಲಿ ಯಾರೂ ಇಲ್ಲ. ವಿಕಿರಣಕ್ಕೆ ಎಲ್ಲ ಅಕ್ಷರವೂ ಒಂದೇ. ಆರಿಸಿದ್ದು ಸ್ಕ್ಯಾನ್ ನೋಡಿ ಗಡ್ಡೆಯ ಸುತ್ತ ಗೆರೆ ಎಳೆದ ವೈದ್ಯರು, ಕಿರಣದ ಕೋನ ಲೆಕ್ಕ ಹಾಕಿದ ಭೌತವಿಜ್ಞಾನಿ. ಡಿಎನ್‌ಎಯ ಮಟ್ಟದಲ್ಲಿ ಕುರುಡಾದ ಕತ್ತರಿ ಮೈಯ ಮಟ್ಟದಲ್ಲಿ ಸರಿಯಾದ ಜಾಗಕ್ಕೆ ಬಿದ್ದದ್ದರಿಂದ ಲಕ್ಷಾಂತರ ಜನ ಉಳಿದಿದ್ದಾರೆ. ಅಕ್ಷರ ಬಲ್ಲ ಬ್ಲಿಯೋಮೈಸಿನ್ ಶ್ವಾಸಕೋಶಕ್ಕೆ ಏಟು ಕೊಟ್ಟದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಪ್ಲಾಟಿನಂಗೆ ಮಾತ್ರ ಜಾಗದ ಅರಿವಿಲ್ಲ. ಅದು ಮೂತ್ರಪಿಂಡಕ್ಕೂ ಹೋಗುತ್ತದೆ, ಕಿವಿಗೂ ಹೋಗುತ್ತದೆ. ಬಾಟಲಿಗಟ್ಟಲೆ ಸಲೈನ್ ಏರಿಸುವುದು ಅದಕ್ಕೇ. ಬೆಳಕು ಬಿದ್ದ ಕಡೆ ಮಾತ್ರ ಎಚ್ಚರಗೊಳ್ಳುವ ಲೋಹ ಬೇಕೆನ್ನುವುದಕ್ಕೆ ನಿಜವಾದ ಕಾರಣ ಈ ಕಿವಿ, ಈ ಮೂತ್ರಪಿಂಡ. ಬ್ರಿಟನ್ನಿನ ಪೀಟರ್ ಸ್ಯಾಡ್ಲರ್ ಅವರ ಗುಂಪು ಕತ್ತಲಲ್ಲಿ ಜಡವಾಗಿದ್ದು ಬೆಳಕಿಗೆ ಚುರುಕಾಗುವ ಪ್ಲಾಟಿನಂ ಅಣುಗಳನ್ನು ಮಾಡಿರುವುದು ಈ ದಿಕ್ಕಿನಲ್ಲಿ. ಗಡ್ಡೆಯ ಒಳಭಾಗದಲ್ಲಿ ಆಮ್ಲಜನಕ ಕಡಿಮೆ. ಬೆಳಕಿನ ಔಷಧಿಗಳಲ್ಲಿ ಬಹುಪಾಲು ಆಮ್ಲಜನಕವಿಲ್ಲದೆ ಕೆಲಸ ಮಾಡವು. ಸ್ಯಾಡ್ಲರ್ ಅವರ ಅಣುಗಳಿಗೆ ಆ ಹಂಗಿಲ್ಲ ಎಂಬುದು ಅವುಗಳ ಇನ್ನೊಂದು ಗುಣ.

ದಾವಣಗೆರೆಗೆ ಬರುತ್ತೇನೆ. ಭಾರತದ ಗಂಡಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರುಗಳ ಸಾಲಿನಲ್ಲಿ ಬಾಯಿಯ ಕ್ಯಾನ್ಸರ್ ಮುಂದಿದೆ. ಚನ್ನಗಿರಿ ಅಡಿಕೆಯ ಸೀಮೆ. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ರಾಜ್ಯದಲ್ಲಿ 2013ರಿಂದ ಗುಟ್ಕಾ ನಿಷೇಧವಿದೆ. ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ತೆಗೆದುಕೊಂಡು ಅಂಗೈಯಲ್ಲಿ ಬೆರೆಸಿಕೊಳ್ಳುವುದು ಎಲ್ಲರ ಕಣ್ಣೆದುರೇ ಇದೆ. ಮಂಡಕ್ಕಿ ಭಟ್ಟಿಯಲ್ಲೋ ಲಾರಿಯಲ್ಲೋ ದುಡಿಯುವ ಮನುಷ್ಯ ಖಾರ ತಿಂದರೆ ಉರಿಯುತ್ತದೆ ಎಂದು ಹಲ್ಲಿನ ಡಾಕ್ಟರ ಹತ್ತಿರ ಬರುತ್ತಾನೆ. ಬಾಯಿ ತೆರೆ ಎಂದರೆ ಮೂರು ಬೆರಳು ಹಿಡಿಸುವಷ್ಟು ತೆರೆಯುವುದಿಲ್ಲ. ಕನ್ನಡಿ ಹಿಡಿದು ಕೆನ್ನೆಯ ಒಳಗೆ ನೋಡಿದರೆ ಒರೆಸಿದರೆ ಹೋಗದ ಬಿಳಿ ಕಲೆ. ಲ್ಯೂಕೋಪ್ಲೇಕಿಯಾ ಎನ್ನುತ್ತಾರೆ, ಕ್ಯಾನ್ಸರ್ ಅಲ್ಲ, ಆಗಬಹುದಾದದ್ದು. ಬೆಳಕಿನ ಚಿಕಿತ್ಸೆಗೆ ಇದಕ್ಕಿಂತ ತಕ್ಕ ಜಾಗ ಮೈಯಲ್ಲಿ ಹೆಚ್ಚಿಲ್ಲ. ಕೊಯ್ಯಬೇಕಿಲ್ಲ, ನಳಿಕೆ ತೂರಿಸಬೇಕಿಲ್ಲ, ಕಲೆ ಕಣ್ಣಿಗೇ ಕಾಣುತ್ತದೆ. ಅದರ ದಪ್ಪ ಬಹಳ ತೆಳುವಾದ್ದರಿಂದ ಆಳಕ್ಕೆ ಇಳಿಯದ ಬೆಳಕೂ ಸಾಕಾಗಬಹುದು. ತಲೆ ಮತ್ತು ಕುತ್ತಿಗೆಯ ಮುಂದುವರಿದ ಕ್ಯಾನ್ಸರಿಗೆ ಟೆಮೊಪೋರ್ಫಿನ್ ಎಂಬ ಬೆಳಕಿನ ಔಷಧಿಗೆ ಯುರೋಪು 2001ರಲ್ಲೇ ಒಪ್ಪಿಗೆ ಕೊಟ್ಟಿದೆ.

ಆದರೆ ಈ ಬಿಳಿ ಕಲೆಗೆ ಡಿಎನ್‌ಎ ಕತ್ತರಿಸುವ ಅಣುವನ್ನು ಹಚ್ಚಬೇಕೆ? ಹಚ್ಚಬಾರದು ಎಂದು ನನಗೆ ಅನ್ನಿಸುತ್ತದೆ. ಕತ್ತರಿಸಿಕೊಂಡೂ ಸಾಯದೆ ಉಳಿದ ಕೋಶ ತುಂಡುಗಳನ್ನು ತಪ್ಪಾಗಿ ಕೂಡಿಸಿಕೊಳ್ಳುತ್ತದೆ. ಆ ತಪ್ಪೇ ಮುಂದಿನ ಕ್ಯಾನ್ಸರಿನ ಬೀಜ. ಸಿಸ್‌ಪ್ಲಾಟಿನ್‌ಅನ್ನೇ ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದ್ದಾರೆ. ಗಡ್ಡೆ ಬಲಿತ ರೋಗಿಯಲ್ಲಿ ಆ ಅಪಾಯವನ್ನು ತಲೆಯ ಮೇಲೆ ಹಾಕಿಕೊಳ್ಳಬಹುದು. ಮೂವತ್ತು ವರ್ಷದ, ಇನ್ನೂ ನಲವತ್ತು ವರ್ಷ ಬಾಳಬೇಕಾದವನ ಕೆನ್ನೆಯಲ್ಲಿ ಹಾಕಿಕೊಳ್ಳುವುದು ತಪ್ಪು. ಅಲ್ಲಿಗೆ ಮೈಟೋಕಾಂಡ್ರಿಯಾವನ್ನು ಹೊಡೆದು ಕೋಶವನ್ನು ಪೂರ್ತಿ ಕೊಲ್ಲುವ ಅಣು ಬೇಕು. ಬಲಿತ ಗಡ್ಡೆಗೆ ವಿಕಿರಣದ ಜೊತೆ ದುಡಿಯುವ, ಡಿಎನ್‌ಎಯನ್ನು ಹಿಡಿಯುವ ಲೋಹ ಬೇಕು. ಒಂದೇ ಬಾಯಿಯಲ್ಲಿ ಎರಡು ಹಂತಕ್ಕೆ ಎರಡು ಬೇರೆ ಗುರಿ. ಜೆಲ್‌ನಲ್ಲಿ ಚೆನ್ನಾಗಿ ಕತ್ತರಿಸಿದ ಅಣುವೇ ಒಳ್ಳೆಯ ಅಣು ಎಂಬ ಅಳತೆಗೋಲು ಇಲ್ಲಿಗೆ ಮುರಿದುಬೀಳುತ್ತದೆ.

ಬಿಸಿಲಿನ ಮಾತನ್ನೂ ಆಡಬೇಕು. 1990ರ ದಶಕದಲ್ಲಿ ಬಂದ ಫೋಟೊಫ್ರಿನ್ ಎಂಬ ಮೊದಲ ಬೆಳಕಿನ ಔಷಧಿ ಚರ್ಮದಲ್ಲಿ ವಾರಗಟ್ಟಲೆ ಉಳಿಯುತ್ತದೆ. ತೆಗೆದುಕೊಂಡವರು ಕನಿಷ್ಠ ಒಂದು ತಿಂಗಳು ಬಿಸಿಲಿಗೆ ಬೀಳಬಾರದು. ಭದ್ರಾ ನಾಲೆಯ ಗದ್ದೆಯಲ್ಲಿ ನಾಟಿ ಹಾಕುವ ಹೆಂಗಸಿಗೆ, ಹರಿಹರದ ಬಸ್ ನಿಲ್ದಾಣದಲ್ಲಿ ಹಣ್ಣು ಮಾರುವವಳಿಗೆ ಈ ಷರತ್ತು ಹೇಳಿದರೆ ಚಿಕಿತ್ಸೆ ಬೇಡವೆಂದು ಹೇಳಿದಂತೆಯೇ. ತಣ್ಣನೆಯ ದೇಶದಲ್ಲಿ ಸಣ್ಣದೆನಿಸುವ ಈ ದೋಷ ನಮ್ಮಲ್ಲಿ ಔಷಧಿಯ ಹಣೆಬರಹವನ್ನೇ ಬರೆಯುತ್ತದೆ. ಹಾಗಾಗಿ ಇಲ್ಲಿ ಅಣು ಕಟ್ಟುವವರು ಮೊದಲು ಕೇಳಬೇಕಾದ ಪ್ರಶ್ನೆಗಳಲ್ಲಿ ಇದೊಂದು: ಮೈಯಿಂದ ಅದು ಎಷ್ಟು ಬೇಗ ಹೊರಟುಹೋಗುತ್ತದೆ? ಪಡೆಲಿಪೋರ್ಫಿನ್ ಬೇಗ ಹೋಗುತ್ತದೆ. ಮಾಡಲು ಆಗದ ಕೆಲಸವೇನೂ ಅಲ್ಲ.

ಅಡಿಕೆ, ತಂಬಾಕು ಬಿಡಿಸುವುದನ್ನು ಬಿಟ್ಟು ಇದೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಅವರ ಮಾತು ಸರಿ, ಬಿಡಿಸುವುದೇ ಮೊದಲು. ಅದರಷ್ಟು ಜೀವ ಉಳಿಸುವ ಅಣು ಯಾವುದೂ ಹುಟ್ಟಲಾರದು. ಆದರೆ ಇಪ್ಪತ್ತು ವರ್ಷ ಅಗಿದು ಇವತ್ತು ಬಿಟ್ಟವನ ಕೆನ್ನೆಯ ಕಲೆ ಇವತ್ತೇ ಹೋಗುವುದಿಲ್ಲ. ಅವನಿಗೂ ಉತ್ತರ ಬೇಕು.

ಆ ಉತ್ತರ ಹುಡುಕಲು ಬೇಕಾದವರೆಲ್ಲ ಈ ಊರಲ್ಲಿದ್ದಾರೆ. ಬಾಪೂಜಿ ವಿದ್ಯಾಸಂಸ್ಥೆಯ ಜೆ.ಜೆ.ಎಂ. ವೈದ್ಯಕೀಯ ಕಾಲೇಜು 1965ರಿಂದ ನಡೆಯುತ್ತಿದೆ. ಬಾಪೂಜಿ ದಂತ ಕಾಲೇಜು, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಇವೆ. ಬಾಯಿಯ ಬಿಳಿ ಕಲೆಯ ತುಣುಕು ತೆಗೆದು ಸ್ಲೈಡಿನಲ್ಲಿ ನೋಡಬಲ್ಲ ರೋಗವಿಜ್ಞಾನಿಗಳಿದ್ದಾರೆ. ಊರ ಹೊರಗೆ ತೋಳಹುಣಸೆಯಲ್ಲಿ ರಸಾಯನ ವಿಜ್ಞಾನದ ವಿದ್ಯಾರ್ಥಿಗಳಿದ್ದಾರೆ. ಇಲ್ಲಿನ ಹುಡುಗಿ ಪಿಎಚ್.ಡಿ.ಗೆ ಅಣು ಆರಿಸುವ ಮೊದಲು ಒಂದಷ್ಟು ದಿನ ದಂತ ಕಾಲೇಜಿನ ಹೊರರೋಗಿ ವಿಭಾಗದಲ್ಲಿ ಕೂತು ಕಲೆ ಎಷ್ಟು ಅಗಲ, ಎಷ್ಟು ದಪ್ಪ, ಯಾವ ಬೆಳಕು ಅಲ್ಲಿಗೆ ಮುಟ್ಟುತ್ತದೆ ಎಂದು ನೋಡಿಬರಲಿ. ಆಮೇಲೆ ಅಣು ಕಟ್ಟಲಿ. ಜೆಲ್ ಪ್ರಯೋಗವನ್ನು ನೇರಳಾತೀತದಲ್ಲಿ ಮಾತ್ರವಲ್ಲ, ಬಾಯಿಗೆ ನಿಜವಾಗಿ ಹಿಡಿಯಲಿರುವ ಬಣ್ಣದಲ್ಲಿ ಮಾಡಲಿ. ಕತ್ತಲಲ್ಲಿ ಅಣು ಕೋಶಗಳಿಗೆ ಎಷ್ಟು ಕೇಡು ಮಾಡುತ್ತದೆ ಎಂಬುದನ್ನೂ ಅಷ್ಟೇ ಶ್ರದ್ಧೆಯಿಂದ ಅಳೆದು ಬರೆಯಲಿ. ಗರ್ಭಕಂಠದ ಕ್ಯಾನ್ಸರಿನಿಂದ 1951ರಲ್ಲಿ ತೆಗೆದ ಹೀಲಾ ಕೋಶಗಳ ಮೇಲೆ ಮಾತ್ರ ನೋಡಿ ನಿಲ್ಲಿಸದೆ, ನೈತಿಕ ಸಮಿತಿಯ ಒಪ್ಪಿಗೆಯೊಂದಿಗೆ, ರೋಗಿಯ ಒಪ್ಪಿಗೆಯೊಂದಿಗೆ, ಹೇಗೂ ಪರೀಕ್ಷೆಗೆಂದು ತೆಗೆಯುವ ಬಾಯಿಯ ತುಣುಕಿನಿಂದ ಬೆಳೆಸಿದ ಕೋಶಗಳ ಮೇಲೂ ನೋಡಲಿ. ಕೋಶ ಸತ್ತಿತೇ, ಬರೀ ಗಾಯಗೊಂಡು ಉಳಿಯಿತೇ ಎಂಬುದನ್ನು ಬಿಡಿಸಿ ಹೇಳಲಿ.

ಇದಕ್ಕೆ ದುಬಾರಿ ಯಂತ್ರ ಬೇಕಾಗಿಲ್ಲ. ಗೊತ್ತಾದ ಬಣ್ಣದ ಎಲ್ಇಡಿ ದೀಪ, ಬೆಳಕಿನ ಪ್ರಮಾಣ ಅಳೆಯುವ ಮೀಟರು, ಕೋಶ ಬೆಳೆಸುವ ಕೋಣೆ ಸಾಕು. ಬೇಕಾದದ್ದು ವಿಶ್ವವಿದ್ಯಾಲಯವೂ ಎರಡು ದಂತ ಕಾಲೇಜುಗಳೂ ಸಹಿ ಹಾಕುವ ಒಂದು ಒಪ್ಪಂದ, ಒಬ್ಬ ರಸಾಯನ ವಿಜ್ಞಾನಿ ಮತ್ತು ಒಬ್ಬ ಬಾಯಿರೋಗ ತಜ್ಞರನ್ನು ಒಟ್ಟಿಗೆ ಮಾರ್ಗದರ್ಶಕರನ್ನಾಗಿ ಮಾಡಲು ಬಿಡುವ ಪಿಎಚ್.ಡಿ. ನಿಯಮ.